ತೊಗರಿ ಜರಡಿ ಹಾಕಿದ ಕ್ಯಾಬಿನೆಟ್: ಎರಡು ಬ್ಯಾಸಗಿ ದಾಟಿದ ಮ್ಯಾಲಿನ ರಿವ್ಯೂ

ಮೊದ್ಲೇ ಹೇಳಿಬಿಡ್ತೀನಿ, ಇದು ಡಬ್ಬಿ ಬಿಚ್ಚಿದ ಮರುದಿನ ಬರದ ರಿವ್ಯೂ ಅಲ್ಲ. ಈ ಕಂಪ್ಯೂಟರ್ ಕ್ಯಾಬಿನೆಟ್, ಅಂದ್ರ ಪಿಸಿ ಸಾಮಾನೆಲ್ಲಾ ಒಳಗ ಕೂಡ್ಸೋ ಡಬ್ಬಿ, ಮನಿಗಿ ಬಂದು ಎರಡು ವರ್ಷ ಆತು, ಅದನ್ನ ಕೊಯ್ದೀನಿ, ತೂತು ಹೊಡ್ದೀನಿ, ಎರಡು ಸಲ ಬಣ್ಣ ಹೊಡ್ದೀನಿ, ಒಂದು ಗಾಜು ಪುಡಿ ಮಾಡೀನಿ, ಎರಡು ಕಲಬುರಗಿ ಬ್ಯಾಸಗಿ ದಾಟ್ಸೀನಿ. ಕಂಪನಿ ಹೆಸ್ರು ಬರಿಯಂಗಿಲ್ಲ, ಯಾಕಂದ್ರ ಇಂಥಾ ಡಬ್ಬಿ ಒಂದಲ್ಲ ಹತ್ತು ಹೆಸ್ರಿಲೆ ಸಿಗ್ತಾವ, ಮುಂದ ಕಪ್ಪು ಗಾಜು, ಗಾಜಿನ ಹಿಂದ ಬಣ್ಣ ಬಣ್ಣದ ಮೂರು ಫ್ಯಾನು, ಬಾಜೂಕ ಇನ್ನೊಂದು ಗಾಜು, ನಾನು ತಗೊಂಡಾಗ 3,200 ರೂಪಾಯಿ. ಸೂಪರ್ ಮಾರ್ಕೆಟ್ ಕಡಿ ಯಾವ ಕಂಪ್ಯೂಟರ್ ಅಂಗಡಿಗಿ ಹೋದ್ರೂ ಶೋಕೇಸ್‌ದಾಗ ಇಂಥದ್ದೊಂದು ಲಗ್ನದ ಮಂಟಪದಂಗ ಮಿಣಿಮಿಣಿ ಅಂತ ಕುಂತಿರ್ತದ. ನಾನೂ ಅದನ್ನ ನೋಡೇ ಮರುಳಾದಂವ, ಸುಳ್ಳ್ಯಾಕ ಹೇಳ್ಲಿ.

ನನ್ನ ಕೆಲಸ ಮದುವಿ ವಿಡಿಯೋ ಎಡಿಟಿಂಗ್. ನಮ್ಮ ಕಡಿ ಲಗ್ನದ ಸೀಜನ್ ಅಂದ್ರ ಏಪ್ರಿಲ್ ಮೇ, ಅಂದ್ರ ಹೊರಗ 42-43 ಡಿಗ್ರಿ ಬಿಸಿಲು ಇರೋವಾಗ್ಲೇ ಪಿಸಿಗೂ ಮೈಮುರಿ ಕೆಲಸ. ರೈಜನ್ 5 5600 ಪ್ರೊಸೆಸರ್, ಅದ್ರ ಜೋಡಿ ಡಬ್ಬ್ಯಾಗ ಬಂದ ಸಣ್ಣ ಕೂಲರ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್. ಭಾರಿ ಮಷೀನ್ ಏನಲ್ಲ. ಆದ್ರೂ ಪ್ರೊಸೆಸರ್ 65 ವಾಟ್‌ದ್ದು, ಕಾರ್ಡ್ 125 ವಾಟ್‌ದ್ದು, ಎರಡೂ ಕೂಡಿದ್ರ ಒಂದು ಮುಚ್ಚಿದ ಪೆಟಿಗಿ ಒಳಗ ಹಳೀ 100 ವಾಟಿನ ಗುಂಡು ಬಲ್ಬ್ ಎರಡು ಹಚ್ಚಿಟ್ಟಂಗ ಲೆಕ್ಕ. ಆ ಬಿಸಿ ಹೊರಗ ಹೋಗ್ಬೇಕಂದ್ರ ಮೊದ್ಲ ಒಳಗ ಗಾಳಿ ಬರ್ಬೇಕಲ್ರೀ, ಈ ಪುಣ್ಯಾತ್ಮರು ಮುಂದ ಪೂರಾ ಗಾಜು ಹಚ್ಚಿ, ಗಾಜಿಗೂ ಚೌಕಟ್ಟಿಗೂ ನಡುವ ಕಿರುಬೆರಳು ಹೋಗದಷ್ಟು ಸಂದಿ ಬಿಟ್ಟಾರ. ಫ್ಯಾನ್ ತಿರಗ್ತದ, ಬಣ್ಣ ಬದಲಾಗ್ತದ, ಗಾಳಿ ಮಾತ್ರ ಎಲ್ಲಿಂದ ಬರ್ಬೇಕು?

ಈ ಯೂಟ್ಯೂಬ್‌ದವರು ರಿವ್ಯೂ ಮಾಡೋವಾಗ ಎಸಿ ಹಾಕಿ ರೂಮು 24-25 ಡಿಗ್ರಿ ಇಟ್ಟಿರ್ತಾರ. ಗಾಳಿ ಕೂಲರ್ ಇದ್ದ ಪಿಸಿ ರೂಮಿನ ಬಿಸಿಗಿಂತ ಕೆಳಗ ಎಂದೂ ಇಳಿಯಂಗಿಲ್ಲ, ರೂಮು ಒಂದು ಡಿಗ್ರಿ ಏರಿದ್ರ ಒಳಗಿಂದೂ ಸುಮಾರು ಒಂದು ಡಿಗ್ರಿ ಏರ್ತದ. ನನ್ನ ಮ್ಯಾಲಿನ ರೂಮು ಆರ್‌ಸಿಸಿ ಛತ್ತಿನ ಕೆಳಗ, ಮೇ ತಿಂಗಳ ಮಧ್ಯಾನ 37 ಡಿಗ್ರಿ. ಅಂದ್ರ ಅವರು ತೋರ್ಸಿದ ಲೆಕ್ಕದ ಮ್ಯಾಲ ನಾನು 12 ಡಿಗ್ರಿ ಕೂಡ್ಸಿಕೋಬೇಕು. ಅವರ ಕಡಿ ಚೊಲೊ ಇರೋದು ನಮ್ಮ ಕಡಿ ಹಂಚು ಆಗ್ತದ, ಅಷ್ಟೇ ಕತಿ.

ಮೊದಲನೇ ಬ್ಯಾಸಗ್ಯಾಗ ಪಿಸಿ ಒಳಗಿನ ಬಿಸಿ ತೋರ್ಸೋ ಸಾಫ್ಟ್‌ವೇರ್ ಎಚ್‌ಡಬ್ಲ್ಯೂಇನ್ಫೋ ಹಾಕಿ ನೋಡ್ದೆ. ರೆಂಡರ್, ಅಂದ್ರ ಎಡಿಟ್ ಮಾಡಿದ್ದನ್ನ ಕಡೀ ವಿಡಿಯೋ ಫೈಲ್ ಮಾಡೋ ಕೆಲಸ, ಬಿಟ್ಟು ಅರ್ಧ ತಾಸು ಆದ್ಮ್ಯಾಲ ಕಾರ್ಡು 83-84 ಡಿಗ್ರಿಗಿ ಬಂದು ಅಂಟಿಕೊಂಡು ಕುಂದರ್ತಿತ್ತು, ಅಲ್ಲಿಗಿ ಬಂದ್ರ ಅದು ತಾನೇ ತನ್ನ ಸ್ಪೀಡ್ ಇಳಿಸ್ಕೋತದ. ಪ್ರೊಸೆಸರ್ 88. ಮುಂದಿನ ಗಾಜಿನ ಚೌಕಟ್ಟು ಕೈಲೆ ಎಳ್ದು ತಗದು ಪಕ್ಕಕ್ಕಿಟ್ಟೆ, ಬ್ಯಾರೆ ಏನೂ ಮುಟ್ಟಿಲ್ಲ. ಹತ್ತು ನಿಮಿಷಕ್ಕ ಕಾರ್ಡು 75, ಪ್ರೊಸೆಸರ್ 79. ನೀವೂ ದುಡ್ಡು ಖರ್ಚು ಮಾಡೋಕಿಂತ ಮೊದ್ಲ ಇದೊಂದು ಮಾಡಿ ನೋಡ್ರಿ, ಮುಂದಿನ ಮುಚ್ಚಳ ತಗದ್ರ ಏಳೆಂಟು ಡಿಗ್ರಿ ಇಳಿದ್ರ ತಪ್ಪು ಮುಚ್ಚಳದ್ದು, ಇಳೀಲಿಲ್ಲಂದ್ರ ತಪ್ಪು ಬ್ಯಾರೆ ಕಡಿ ಅದ, ಸುಮ್ನ ಕೊಯ್ಲಿಕ್ಕ ಹೋಗಬ್ಯಾಡ್ರಿ.

ವಾಪಸ್ ಕೊಡ್ಲಿಕ್ಕ ಹೋದ್ರ ಅಂಗಡ್ಯಾಂವ "ಓಪನ್ ಮಾಡಿದ ಮಾಲು ಆಗಂಗಿಲ್ಲಣ್ಣಾ" ಅಂದ. ಮುಂದ ಜಾಳಗಿ ಇದ್ದ ರೆಡಿ ಕ್ಯಾಬಿನೆಟ್ ಅವನ ಹತ್ರಾನೇ ಇತ್ತು, 5,500. ಆಗ ತಗೊಂಡಿದ್ರ ಈ ರಿವ್ಯೂ ಇಲ್ಲಿಗೇ ಮುಗೀತಿತ್ತು. ಆದ್ರ ನನ್ನ ತಲ್ಯಾಗ ಹುಳ ಹೊಕ್ಕಿತ್ತು, ನಾನೇ ಮಾಡ್ತೀನಿ ಅಂತ.

ಈಗ ಗಂಜಿನ, ಅಂದ್ರ ನಮ್ಮೂರ ಕಾಳುಕಡಿ ಮಾರ್ಕೆಟ್ಟಿನ, ವಿಷಯಕ್ಕ ಬರ್ತೀನಿ, ಇಡೀ ಕೆಲಸದಾಗ ನನಗ ಭಾಳ ಸೇರಿದ್ದು ಇದೇ. ಮುಂದ ಹಾಕ್ಲಿಕ್ಕ ತೂತಿನ ಪತ್ರಾ, ಅಂದ್ರ ತೂತಿದ್ದ ತಗಡು, ಬೇಕಾಗಿತ್ತು. ಆನ್‌ಲೈನ್‌ದಾಗ ನೋಡಿದ್ರ ಅಂಗೈ ಅಗಲದ ತುಂಡಿಗಿ 900 ರೂಪಾಯಿ, ಮ್ಯಾಲ ಕೊರಿಯರ್. ನಮ್ಮ ಅಪ್ಪ ಮೂವತ್ತು ವರ್ಷ ದಾಲ್ ಮಿಲ್‌ದಾಗ ಮುನೀಮ ಇದ್ದಂವ, ಮೂಲ್ಯಾಗ ಕುಂತು ಪೇಪರ್ ಓದ್ಕೋತಾನೇ ಅಂದ, "ಜರಡಿ ಪತ್ರಾ ಅದು, ಗಂಜಿನ್ಯಾಗ ಹೋಗು, ಬೇಕಾದಷ್ಟು ಸಿಗ್ತದ." ಖರೇನ ನೋಡ್ರಿ. ತೊಗರಿಗಿ 2019ರಾಗ ಜಿಐ ಟ್ಯಾಗ್ ಬಂದದ ನಮ್ಮೂರಿಗಿ, ಊರ ತುಂಬ ಬ್ಯಾಳಿ ಮಿಲ್ಲು, ಆ ಮಿಲ್ಲಿಗೆಲ್ಲಾ ಜರಡಿ ಬೇಕೇ ಬೇಕು, ಮತ್ತ ಜರಡಿ ಅಂದ್ರ ತೂತಿನ ಪತ್ರಾನೇ ಅಲ್ಲೇನು. ಕಣ್ಣ ಮುಂದ ಇಟ್ಕೊಂಡು ನಾನು ದಿಲ್ಲಿಲಿಂದ ತರಸ್ಲಿಕ್ಕ ಹೊಂಟಿದ್ದೆ.

ಗಂಜಿನ್ಯಾಗ ಮಿಲ್ ಸಾಮಾನಿನ ಒಂದು ಅಂಗಡಿ, ಬೆಲ್ಟು, ಬೇರಿಂಗು, ಎಲಿವೇಟರ್ ಬಕೆಟ್ಟು ಎಲ್ಲಾ ನೇತಾಡ್ಲಕತ್ತಿದ್ವು. ಮಾಲಕರು ಕೇಳಿದ್ರು,

"ಎಷ್ಟು ಎಂಎಂ? ತೊಗರಿಗೋ ಕಡ್ಲಿಗೋ?"

"ಕಂಪ್ಯೂಟರಿಗ್ರಿ ಕಾಕಾ."

ಚಷ್ಮಾ ಮ್ಯಾಲ ಏರ್ಸಿ ನನ್ನ ಒಂದು ಸಲ ನೋಡಿದ್ರು. "ಅದ್ರಾಗೇನು ಸೋಸ್ತೀಯೋ ತಮ್ಮಾ?"

"ಗಾಳಿ ಸೋಸ್ತೀನ್ರಿ."

ನಗಲಿಲ್ಲ ಮನಷ್ಯಾ. ಎದ್ದು ಹೋಗಿ ಹಿಂದಿನ ಗೋದಾಮಿಲಿಂದ ನಾಕು ತರದ ತುಂಡು ತಂದು ಕೌಂಟರ್ ಮ್ಯಾಲ ಹಾಕಿ, ಒಂದೊಂದನ್ನೂ ಟ್ಯೂಬ್ ಲೈಟಿಗಿ ಹಿಡ್ದು ತೋರ್ಸಿದ್ರು, ಬೆಳಕು ಎಷ್ಟು ದಾಟ್ತದೋ ಗಾಳೀನೂ ಅಷ್ಟೇ ದಾಟ್ತದ ನೋಡು ಅಂತ. ಇಷ್ಟು ಸರಳ ಮಾತು ನನಗ ಯಾವ ವಿಡಿಯೋದಾಗೂ ಸಿಕ್ಕಿದ್ದಿಲ್ಲ. 3 ಎಂಎಂ ತೂತಿಂದು ನೋಡ್ಲಿಕ್ಕ ಭಾರಿ ನಾಜೂಕು ಇತ್ತು, ಆದ್ರ ಒಂದು ತೂತಿನ ನಡುವಿಲಿಂದ ಇನ್ನೊಂದರ ನಡುವಿಗಿ 5 ಎಂಎಂ, ಲೆಕ್ಕ ಹಾಕಿದ್ರ ನೂರಕ್ಕ ಬರೀ 33 ಭಾಗ ತೆರದಿರ್ತದ, ಉಳಿದದ್ದು ಪತ್ರಾನೇ. ಇನ್ನೊಂದು 4 ಎಂಎಂ ತೂತು, ಐದೂವರಿ ಎಂಎಂ ಅಂತರ, ತೂತುಗಳು ಸಾಲು ಬಿಟ್ಟು ಸಾಲು ಸರಿದಾವ, ಅದ್ರಾಗ 48 ಭಾಗ ತೆರದದ. ಕಣ್ಣಿಗಿ ಎರಡೂ ಒಂದೇ ಕಾಣ್ತಾವ, ಟ್ಯೂಬ್ ಲೈಟಿಗಿ ಹಿಡಿದಾಗ ಮಾತ್ರ ಗೊತ್ತಾಗ್ತದ. ಎರಡನೇದೇ ತಗೊಂಡೆ, ಎರಡು ಫೂಟು ಉದ್ದ, ಒಂದು ಫೂಟು ಅಗಲ, ಜಸ್ತು (ಸತು) ಹಚ್ಚಿದ್ದು, 1 ಎಂಎಂ ದಪ್ಪ. ಕೆಜಿ ಲೆಕ್ಕದ ಮಾಲು ಅದು, ತೂಕ ಮಾಡಿ 260 ಅಂದ್ರು, 250 ಕೊಟ್ಟೆ. ಜಸ್ತು ಇರೋದಕ್ಕ ಎರಡು ವರ್ಷ ಆದ್ರೂ ಎಲ್ಲೂ ಜಂಗ್ ಹಿಡದಿಲ್ಲ, ಕೊಯ್ದ ಅಂಚಿಗಿ ಸುದ್ದಾ. ಅಂಗಡಿಗಿ ಐದಕ್ಕ ಐದು, ಬೇಕಂದ್ರ ಆರು.

ಇನ್ನ ಕೊಯ್ಯೋ ಕೆಲಸ. ಒಂದು ಮಾತು ಗಟ್ಟಿ ನೆನಪಿಡ್ರಿ, ಒಳಗ ಮದರ್‌ಬೋರ್ಡ್ ಇಟ್ಕೊಂಡು, ಮ್ಯಾಲ ಒಂದು ಅರಬಿ ಮುಚ್ಚಿ ಡ್ರಿಲ್ ಹೊಡಿತೀನಿ ಅನ್ನೋರು ಇರ್ತಾರ, ಆ ಹುಚ್ಚುತನ ಬ್ಯಾಡ. ಕಬ್ಬಿಣದ ಪುಡಿ ಹಿಟ್ಟಿನಂಗ ಹಾರ್ತದ, ಒಂದು ಚೂರು ಹೋಗಿ ಚಿಪ್ಪಿನ ಎರಡು ಕಾಲಿನ ನಡುವ ಕುಂತ್ರ ಬೋರ್ಡಿಗಿ ತಿಥಿ. ನಾನು ಸ್ಕ್ರೂ ಸಮೇತ ಎಲ್ಲಾ ತಗದು, ಬರೀ ಡಬ್ಬಿ ಹೊತ್ಕೊಂಡು ನಮ್ಮ ಓಣಿ ಮೂಲಿ ವೆಲ್ಡಿಂಗ್ ಚಾಚಾ ಹತ್ರ ಹೋದೆ. "ಅರೇ ಬೇಟಾ, ನವಾ ಡಬ್ಬಾ ಕಾಯ್ಕು ಕಾಟ್ತಾ?" ಅಂತ ಮೊದ್ಲ ಬೈದ್ರು. ಆಮ್ಯಾಲ ಪತ್ರಾನ ಹೆಬ್ಬೆರಳಿಲೆ ಒತ್ತಿ ನೋಡಿ, ಇದು ಅರ್ಧ ಎಂಎಂ ಮಾಲು, ಗ್ರೈಂಡರ್ ಇಟ್ರ ಕಾದು ಲಹರಿ ಬೀಳ್ತದ ಅಂತ ಹಿಂದ ಒಂದು ಕಟಿಗಿ ಹಲಗಿ ಕೊಟ್ಟು, 1 ಎಂಎಂ ಕಟಿಂಗ್ ವ್ಹೀಲ್ ಹಾಕಿ, ಎರಡು ಬೆರಳು ಕೊಯ್ಯೋದು, ನಿಲ್ಸೋದು, ಮತ್ತ ಎರಡು ಬೆರಳು ಕೊಯ್ಯೋದು, ಹಿಂಗ ಮಾಡಿದ್ರು. ಅಷ್ಟು ಪುರಸೊತ್ತಿಲೆ ಮಾಡೋದು ನನ್ನ ಕೈಲೆ ಆಗ್ತಿರ್ಲಿಲ್ಲ.

ಕೊಯ್ಸಿದ್ದು ಏನಂದ್ರ, ಹಿಂದಿನ ಫ್ಯಾನ್ ಜಾಗದಾಗ ಕಂಪನಿಯವರು ಪತ್ರಾದಾಗೇ ಜೇನುಗೂಡಿನಂಗ ಸಣ್ಣ ಸಣ್ಣ ತೂತು ಒತ್ತಿರ್ತಾರಲ್ಲ, ಅದನ್ನ ಪೂರಾ ತಗಸಿ ದುಂಡಗ ಮಾಡ್ಸಿದೆ. 120 ಎಂಎಂ ಫ್ಯಾನಿಗಿ 120ರ ತೂತು ಮಾಡಬಾರದು, ಸುಮಾರು 114 ಸಾಕು, ಇಲ್ಲಂದ್ರ ಸ್ಕ್ರೂ ಹಾಕ್ಲಿಕ್ಕ ಮೂಲ್ಯಾಗ ಪತ್ರಾನೇ ಉಳಿಯಂಗಿಲ್ಲ. ಸ್ಕ್ರೂ ತೂತು ಒಂದರಿಂದ ಒಂದಕ್ಕ 105 ಎಂಎಂ, ಇದು ಯಾವ ಕಂಪನಿ 120 ಫ್ಯಾನ್ ತಗೊಂಡ್ರೂ ಬದಲಾಗಂಗಿಲ್ಲ. ನಾನು ಹಳೇ ಫ್ಯಾನನ್ನೇ ಇಟ್ಟು ಪೆನ್ಸಿಲ್ಲಿಲೆ ಗುರ್ತು ಮಾಡಿದ್ದೆ, ಅಳತಿ ಪಟ್ಟಿಗಿಂತ ಅದೇ ಚೊಲೊ. ಕೊಯ್ದ ಅಂಚು ಬ್ಲೇಡಿನಂಗ ಇರ್ತದ, ಅರ ತಗೊಂಡು ಉಜ್ಜಿ, ಮ್ಯಾಲ ಆಟೋ ಬಾಗ್ಲಿಗಿ ಹಾಕೋ ರಬ್ಬರ್ ಬೀಡಿಂಗ್ ಒತ್ತಿ ಕೂಡ್ಸಿದೆ, ಮೀಟರಿಗಿ 40 ರೂಪಾಯಿ. ನೋಡಿದ್ರ ಕಂಪನೀಲಿಂದ್ಲೇ ಹಂಗ ಬಂದಂಗ ಕಾಣ್ತದ. ಚಾಚಾ 200 ತಗೊಂಡ್ರು, ಚಾ ಬ್ಯಾರೆ ಅವರೇ ಕುಡಿಸಿದ್ರು.

ಮುಂದಿನ ಗಾಜು ಬರೀ ಎರಡು ಬದಿ ಅಂಟಿನ ಟೇಪಿಲೆ ನಿಂತಿತ್ತು. ಅಕ್ಕನ ಹೇರ್ ಡ್ರೈಯರ್ ಹಿಡ್ದು ಕಾಯ್ಸಿ, ಹಳೇ ಎಟಿಎಂ ಕಾರ್ಡು ಒಳಗ ತೂರ್ಸಿ ನಿಧಾನ ಎಬ್ಬಿಸ್ದೆ, ಸುಸೂತ್ರ ಬಂತು. ಆ ಜಾಗಕ್ಕ ಜರಡಿ ಪತ್ರಾ ಕೊಯ್ದು ಕೂಡ್ಸಿ, ಒಳಗಿಂದ ಆರು ಸಣ್ಣ ಬೋಲ್ಟು.

ಗಾಜು ಒಡದದ್ದು ಬಾಜೂದು. ಅದನ್ನ ನಾನು ಕೊಯ್ಲಿಕ್ಕೂ ಹೋಗಿಲ್ಲ, ತೂತು ಹೊಡಿಲಿಕ್ಕೂ ಹೋಗಿಲ್ಲ, ಬರೀ ಬಿಚ್ಚಿ ಗ್ವಾಡಿಗಿ ಆನಸಿ ಟೈಲ್ಸ್ ಮ್ಯಾಲ ನಿಲ್ಸಿದ್ದೆ. ಒಂದು ಮೂಲಿ ಟೈಲ್ಸಿಗಿ ಟಕ್ ಅಂತು, ಅಷ್ಟೇ ರೀ. ಫಟ್ಟಂತ ಇಡೀ ಗಾಜು ಕಲ್ಲುಸಕ್ಕರಿ ಹರಳಿನಂಗ ರೂಮಿನ ತುಂಬ. ಟಫನ್ ಗಾಜಿನ ಗುಣಾನೇ ಅದು, ಕಾಯ್ಸಿ ಒಮ್ಮಿಗೇ ಆರ್ಸಿರ್ತಾರ, ಹೊರಗಿನ ಪದರು ಒತ್ಕೊಂಡಿರ್ತದ, ಒಳಗಿನ ಪದರು ಜಗ್ಗಿಕೊಂಡಿರ್ತದ, ನಡುವ ಗುದ್ದಿದ್ರ ತಡಕೊಳ್ತದ, ಅಂಚಿಗಿ ಸಣ್ಣ ಚೂರು ಎದ್ರ ಸಾಕು, ಪೂರಾ ಬಿಟ್ಟುಕೊಡ್ತದ. ಟೈಲ್ಸ್ ಬ್ಯಾರೆ ಗಟ್ಟಿ. ಕೆಳಗ ಒಂದು ಚಾದರ ಹಾಸಿದ್ರ ಉಳೀತಿತ್ತು. ಅವ್ವ ಓಡಿ ಬಂದು ನೋಡಿ, ನನ್ನ ಕಾಲಿಗೇನೂ ಆಗಿಲ್ಲ ಅಂತ ಖಾತ್ರಿ ಮಾಡ್ಕೊಂಡು, "ದೃಷ್ಟಿ ಹೋತು ಬಿಡು, ನಿನ್ನಿ ಆ ಹುಡುಗೂರು ಎಲ್ಲಾ ಬಂದು ನೋಡಿ ಹೋಗಿದ್ರಲ್ಲ" ಅಂದ್ಳು. ಎರಡು ದಿನ ಬಿಟ್ಟು ಮಂಚದ ಕೆಳಗಿಂದ ಇನ್ನೂ ಹರಳು ಬರ್ಲಕತ್ತಿದ್ವು.

ಅದ್ರ ಬದ್ಲಿ ಅಂಗಡಿ ಬೋರ್ಡ್ ಮಾಡೋರ ಹತ್ರ 4 ಎಂಎಂ ಅಕ್ರಿಲಿಕ್ ಕೊಯ್ಸಿದೆ, 650 ರೂಪಾಯಿ, ಈ ಪೂರಾ ಕೆಲಸದಾಗ ದಂಡ ಆದ ರೊಕ್ಕದಾಗ ಇದೂ ಒಂದು. ಅಕ್ರಿಲಿಕ್ ಗಾಜಿನಂಗ ಪುಡಿ ಆಗಂಗಿಲ್ಲ, ತೂತು ಹೊಡಿಲಿಕ್ಕ ಬರ್ತದ. ಆದ್ರ ಒಣ ಅರಬಿಲೆ ಒರಸಿದ್ರ ಗೀರು ಬೀಳ್ತದ, ಮ್ಯಾಲ ಕರೆಂಟ್ ಹಿಡದಂಗಾಗಿ ಧೂಳು ಇನ್ನಷ್ಟು ಬಂದು ಅಂಟ್ತದ. ಹಸಿ ಮೆತ್ತನ ಅರಬಿ ಬೇಕು. ಅದಕ್ಕ ಮೂರು ಸ್ಟಾರ್.

ಬಣ್ಣ. ಇಲ್ಲಿ ತಪ್ಪು ಪೂರಾ ನಂದೇ, ಡಬ್ಬಿದಲ್ಲ. ಮೇ ತಿಂಗಳ ಮಧ್ಯಾನ ಎರಡು ಗಂಟೇಕ ಮಾಳಗಿ ಮ್ಯಾಲ ಹೋಗಿ ಸ್ಪ್ರೇ ಹೊಡ್ದೆ, ಬಿಸಿಲಿಗಿ ಲಗೂನ ಒಣಗ್ತದ ಅನ್ನೋ ಶಾಣ್ಯಾತನ. ಬಣ್ಣ ಗಾಳ್ಯಾಗೇ ಒಣಗಿ ಪುಡಿ ಆಗಿ ಪತ್ರಾ ಮ್ಯಾಲ ಬಿತ್ತು, ಕೈ ಆಡಿಸಿದ್ರ ಮರಳು ಕಾಗದ. ಅದ್ರ ಮ್ಯಾಲ ಬಿಸಿಗಾಳಿ ಎದ್ದು ನಮ್ಮೂರ ಕರಿ ಮಣ್ಣು ತಂದು ಚಿಮುಕ್ಸಿ ಹೋತು. ಪೂರಾ 400 ನಂಬರ್ ವಾಟರ್ ಪೇಪರ್ ನೀರಾಗ ತೋಯ್ಸಿ ಉಜ್ಜಿ ತಗೀಬೇಕಾತು, ಮೊಳಕೈ ಮೂರು ದಿನ ಏಳ್ಲಿಲ್ಲ. ಎರಡನೇ ಸಲ ಡಿಸೆಂಬರ್‌ದಾಗ, ಮುಂಜಾನಿ ಎಂಟಕ್ಕ, ಗಾಳಿ ಇಲ್ಲದಾಗ. ಸ್ಪ್ರೇ ಡಬ್ಬಿ ಒಳಗಿನ ಗುಂಡು ಟಕಟಕ ಅನ್ನೋಮಟ ಎರಡು ನಿಮಿಷ ಅಲ್ಲಾಡ್ಸಿ, ಒಂದು ಗೇಣು ಮ್ಯಾಲ ನಾಕು ಬೆರಳು ದೂರ ಹಿಡ್ದು, ಪ್ರೈಮರ್ ಎರಡು ಕೈ, 600 ನಂಬರ್ ಪೇಪರ್, ಮ್ಯಾಟ್ ಕಪ್ಪು ಮೂರು ತೆಳು ಕೈ, ನಡುನಡುವ ಹದಿನೈದು ನಿಮಿಷ. ಒಂದೇ ಸಲಕ್ಕ ದಪ್ಪ ಹೊಡದ್ರ ಇಳಿಜಾರಿ ಕಣ್ಣೀರಿನಂಗ ಸೋರ್ತದ. ಕಬ್ಬಿಣದ ಭಾಗ ಇವತ್ತಿಗೂ ಗಟ್ಟಿ ಅದ. ಮುಂದಿನ ಪ್ಲಾಸ್ಟಿಕ್ ಚೌಕಟ್ಟಿಗಿ ಮಾತ್ರ ಪ್ಲಾಸ್ಟಿಕ್ ಪ್ರೈಮರ್ ಬ್ಯಾರೆ ಬರ್ತದ ಅಂತ ಗೊತ್ತಿದ್ರೂ ಆಲಸಿತನ ಮಾಡ್ದೆ, ಅದರ ಮೂಲಿ ಎರಡು ಕಡಿ ಸಿಪ್ಪಿ ಎದ್ದದ. ಗೇಟಿಗಿ ಗ್ರಿಲ್ಲಿಗಿ ಮಾಡೋ ಪೌಡರ್ ಕೋಟಿಂಗ್ ಮಾಡ್ಸಿದ್ರ ಇನ್ನೂ ಮಜಬೂತ್, ಆದ್ರ ಅದನ್ನ 180-200 ಡಿಗ್ರಿ ಭಟ್ಟಿಯಾಗ ಬೇಯಿಸ್ತಾರ, ಪ್ಲಾಸ್ಟಿಕ್ ಒಂದು ಚೂರೂ ಉಳಿಸದೆ ಬಿಚ್ಚಿ ಕೊಡ್ಬೇಕು.

ಇನ್ನ ಅಲಂಕಾರ. ಬಣ್ಣದ ಲೈಟು ನನಗ ಬ್ಯಾಡಾಗಿತ್ತು. ಬೀದರದಾಗ ನಮ್ಮ ಅತ್ತಿ ಮನ್ಯಾಗ ಒಂದು ಬಿದ್ರಿ ಹೂಜಿ ಅದ, ಸಣ್ಣಂವ ಇದ್ದಾಗಿಂದ ಅದ್ರ ಮ್ಯಾಲಿನ ಬಳ್ಳಿ ನೋಡ್ಕೋತ ಬಂದೀನಿ. ಜಸ್ತು ತಾಮ್ರ ಕೂಡ್ಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂಡ್ಸಿ, ಕಡೀಕ ಬೀದರ್ ಕಿಲ್ಲಾದ ಮಣ್ಣಿಗಿ ನವಸಾಗರ ಅನ್ನೋ ಉಪ್ಪು ಕಲಸಿ ಹಚ್ಚಿದ್ರ ಲೋಹ ಕಪ್ಪಾಗ್ತದ, ಬೆಳ್ಳಿ ಮಾತ್ರ ಹಂಗೇ ಹೊಳೀತದ. ನನ್ನ ಡಬ್ಬೀನೂ ಮ್ಯಾಟ್ ಕಪ್ಪು ಆಗಿತ್ತಲ್ಲ, ಗಾಜಿಲ್ಲದ ಆ ಕಡಿ ಬಾಜೂ ಖಾಲಿ ಇತ್ತು. ಹೂಜಿ ಫೋಟೋ ಇಟ್ಕೊಂಡು ಎರಡು ರಾತ್ರಿ ಕುಂತು ಬಳ್ಳಿ ತಿದ್ದಿ, ಫೈಲ್ ಮಾಡಿ, ನಂಬರ್ ಪ್ಲೇಟ್ ಮಾಡೋ ರೇಡಿಯಂ ಅಂಗಡಿಗಿ ಕೊಟ್ಟೆ. ಅಂವ ದಿನಾ "ತಾಯಿಯ ಆಶೀರ್ವಾದ" ಕೊಯ್ಯಾಂವ, ಇದನ್ನ ನೋಡಿ ಮೊದ್ಲ ಎರಡು ಸಲ ಹರದ, ಬಳ್ಳಿ ತುದಿ ಭಾಳ ಸಣ್ಣ ಆಗಿ ಮಷೀನ್ ಬ್ಲೇಡಿಗಿ ಎದ್ದು ಬರ್ತಿತ್ತು. "ಅಣ್ಣಾ ಒಂದೂವರಿ ಎಂಎಂಗಿಂತ ತೆಳ್ಳಗ ಬ್ಯಾಡ" ಅಂದ, ತಿದ್ದಿ ಕೊಟ್ಟೆ, ಮೂರನೇ ಸಲಕ್ಕ ಬಂತು. ಹರದ ಎರಡು ಶೀಟಿನ ರೊಕ್ಕ ತಗೊಳ್ಲಿಲ್ಲ, 350 ಅಷ್ಟೇ. ಇದನ್ನ ನೋಡಿದವರೆಲ್ಲಾ ಬಿದ್ರಿ ಅಂತಾರ, ನಾನು ಅನ್ನಂಗಿಲ್ಲ, ಅದು ಸ್ಟಿಕ್ಕರು. ಆದ್ರ ಸಂಜಿ ಟ್ಯೂಬ್ ಲೈಟಿಗಿ ಓರಿಲಿಂದ ನೋಡಿದ್ರ ಒಂದು ಕ್ಷಣ ಅತ್ತಿ ಮನಿ ಶೋಕೇಸ್ ನೆನಪಾಗ್ತದ.

ಫ್ಯಾನ್ ಬಗ್ಗಿ. ಡಬ್ಬಿ ಜೋಡಿ ಬಂದ ಮೂರೂ ಫ್ಯಾನು ನೇರ ಪಿಸಿಗಿ ಕರೆಂಟ್ ಕೊಡೋ ಎಸ್‌ಎಂಪಿಎಸ್‌ಗಿ ಹಚ್ಚೋವು, ಸ್ಪೀಡ್ ಹೆಚ್ಚು ಕಮ್ಮಿ ಮಾಡ್ಲಿಕ್ಕ ಬರಂಗಿಲ್ಲ, ಗಾಳಿಗಿಂತ ಗದ್ದಲ ಜಾಸ್ತಿ. ಅವನ್ನ ತಗದು ಆರ್ಕ್ಟಿಕ್ ಪಿ12 ನಾಕು ಹಾಕ್ದೆ, ಮುಂದ ಮೂರು ಒಳಗ ಎಳೀಲಿಕ್ಕ, ಹಿಂದ ಒಂದು ಹೊರಗ ದೂಡ್ಲಿಕ್ಕ. ಇದು 1800 ಆರ್‌ಪಿಎಂತನ ಹೋಗೋ ಫ್ಯಾನು, ಜಾಳಗಿ ಫಿಲ್ಟರ್ ಅಡ್ಡ ಇದ್ರೂ ಒತ್ತಿ ಎಳಿಯೋ ತಾಕತ್ತಿಗೇ ಮಾಡಿದ್ದು, ಜರಡಿ ಪತ್ರಾದ ಹಿಂದ ಅಂಥದ್ದೇ ಬೇಕು. ಮುಂದ ಮೂರು ಹಿಂದ ಒಂದು ಯಾಕಂದ್ರ, ಒಳಗ ಬರೋ ಗಾಳಿ ಹೊರಗ ಹೋಗೋದಕ್ಕಿಂತ ಜಾಸ್ತಿ ಇದ್ರ ಸಂದಿಗೊಂದಿಲೆಲ್ಲಾ ಗಾಳಿ ಹೊರಗ ದಬ್ಬತದ, ಧೂಳು ಅಲ್ಲಿಂದ ನುಗ್ಗಂಗಿಲ್ಲ, ಫಿಲ್ಟರ್ ಇದ್ದ ಕಡಿಯಿಂದ ಮಾತ್ರ ಬರ್ಬೇಕು. ಫ್ಯಾನ್ ಯಾವ ಕಡಿ ಮುಖ ಅಂತ ಗೊಂದಲ ಆದ್ರ, ಹಿಂದ ನಾಕು ಕಡ್ಡಿ ಚೌಕಟ್ಟು ಇರೋ ಕಡಿಗಿ ಗಾಳಿ ಹೋಗ್ತದ. ನಾನು ಪೂಜಾದ್ದೊಂದು ಊದಿನಕಡ್ಡಿ ಹಚ್ಚಿ ಮುಂದ ಹಿಡ್ದೆ. ಹೊಗಿ ಜರಡಿ ಒಳಗ ಸೀದಾ ಹೋಗಿ, ಎರಡು ಉಸುರಿನಾಗ ಹಿಂದಿಂದ ಬಂತು. ಮ್ಯಾಲಿನ ಸಂದ್ಯಾಗೂ ಸಣ್ಣಗ ಹೊರಗ ಬಂತು. ಅಪ್ಪ ಬಾಗ್ಲಾಗ ನಿಂತು ನೋಡಿ, "ಆತಪಾ, ಪೂಜಾನೂ ಆತು" ಅಂದ.

ಫಿಲ್ಟರಿಗಿ ಸೊಳ್ಳಿ ಪರದಿ ಅರಬಿ, ಹಳೇ ಫ್ರಿಜ್ಜಿನ ಬಾಗ್ಲ ರಬ್ಬರಿನಾಗ ಇರೋ ಮ್ಯಾಗ್ನೆಟ್ ಪಟ್ಟಿ ತಗದು ನಾಕೂ ಅಂಚಿಗಿ ಹೊಲ್ದು, ಒಳಗಿನ ಕಬ್ಬಿಣಕ್ಕ ಟಪ್ ಅಂತ ಅಂಟಿಕೊಳ್ತದ. ಮೊದ್ಲ ಕಿಟಕಿಗಿ ಹಾಕೋ ಸಣ್ಣ ಕಣ್ಣಿನ ಸ್ಟೀಲ್ ಜಾಳಗಿ ಹಾಕಿದ್ದೆ, ಅದು ಗಾಳಿನೇ ತಡೀತು, ನಾಕು ಡಿಗ್ರಿ ವಾಪಸ್ ಏರ್ತು, ತಗದು ಒಗದೆ.

ಈಗ ಮಜಾ ಕೇಳ್ರಿ. ಜರಡಿ, ಫ್ಯಾನು, ಫಿಲ್ಟರ್ ಎಲ್ಲಾ ಕೂಡ್ಸಿ, ಬಣ್ಣದ ಕೆಲಸ ಇನ್ನೂ ಬಾಕಿ ಇರೋವಾಗ್ಲೇ, ಒಂದು ಲಗ್ನದ ನಾಕು ತಾಸಿನ ರೆಂಡರ್ ಹಾಕಿ ಮಲಗ್ದೆ. ಮುಂಜಾನಿ ಎದ್ದು ನೋಡಿದ್ರ ಪಿಸಿ ಬಂದ್. ಈ ತಕರಾರು ಮೊದಲಿಂದ್ಲೂ ಇತ್ತು, ನಾನು ಅದನ್ನೂ ಗಾಜಿನ ಮ್ಯಾಲೇ ಹಾಕಿದ್ದೆ. ಲಾಗ್ ತಗದು ನೋಡಿದ್ರ ಬಂದ್ ಆಗೋವಾಗ ಪ್ರೊಸೆಸರ್ 76, ಕಾರ್ಡು 74, ಎರಡೂ ತಂಪಾಗೇ ಅವ. ಮತ್ತ ಯಾರು ಬಂದ್ ಮಾಡಿದ್ರು? ಅರ್ಧ ದಿನ ತಲಿ ಕೆರಕೊಂಡೆ. ಕಡೀಕ ಕ್ಯಾಬಿನೆಟ್ ಎತ್ತಿದಾಗ ಗೊತ್ತಾತು, ಎಸ್‌ಎಂಪಿಎಸ್ ಕೆಳಗಿಂದ ಗಾಳಿ ಎಳ್ಕೊಳ್ತದ, ಡಬ್ಬಿ ಕಾಲು ಅರ್ಧ ಇಂಚು ಅಷ್ಟೇ, ನಾನು ಅದನ್ನ ಇಟ್ಟಿದ್ದು ಜಮಖಾನಿ ಮ್ಯಾಲ. ಕಾಲು ಜಮಖಾನ್ಯಾಗ ಹುಗದು ಡಬ್ಬಿ ಹೊಟ್ಟಿ ನೆಲಕ್ಕ ಹತ್ತಿತ್ತು. ಪಾಪ ಅದು ಉಸುರು ಕಟ್ಟಿ, ಕಾದು, ತನ್ನ ಜೀವ ಉಳಿಸ್ಕೊಳ್ಲಿಕ್ಕ ತಾನೇ ಬಂದ್ ಆಗ್ಲಕತ್ತಿತ್ತು. ಅಪ್ಪ ಜಮಖಾನಿ ಎಳ್ದು ತಗದು, ವಾಷಿಂಗ್ ಮಷೀನಿಗಿ ಹಾಕೋ ರಬ್ಬರ್ ಕಾಲು ನಾಕು ತಂದು ಕೆಳಗ ಇಟ್ಟ, 120 ರೂಪಾಯಿ. ಅವತ್ತಿಂದ ಒಂದು ದಿನಾನೂ ಬಂದ್ ಆಗಿಲ್ಲ.

ಅಂದ್ರ ಕೊಯ್ದದ್ದೆಲ್ಲಾ ವ್ಯರ್ಥ ಅಂತ ಅಲ್ಲ. ಅದೇ 37 ಡಿಗ್ರಿ ರೂಮು, ಅದೇ ರೆಂಡರ್, ಫಿಲ್ಟರ್ ಹಾಕಿ ಕಾರ್ಡು 77, ಪ್ರೊಸೆಸರ್ 80. ಮೊದ್ಲ ಕಾರ್ಡು 84ಕ್ಕ ನಿಂತು ಸ್ಪೀಡ್ ಇಳಿಸ್ತಿತ್ತು, ಈಗ ಇಳಿಸಂಗಿಲ್ಲ, ನಾಕು ತಾಸಿನ ರೆಂಡರ್ ಹದಿನೈದಿಪ್ಪತ್ತು ನಿಮಿಷ ಮೊದ್ಲೇ ಮುಗೀತದ. ಗದ್ದಲ ಮಾತ್ರ ಅರ್ಧಕ್ಕ ಅರ್ಧ ಕಮ್ಮಿ. ಆದ್ರ ಬರೀ ಬಂದ್ ಆಗೋ ತಕರಾರಿಗಿ ನಾನು ಇಷ್ಟೆಲ್ಲಾ ಮಾಡಿದ್ರ 120 ರೂಪಾಯಿ ರಬ್ಬರಿಗಿ ಹೋಗೋ ಕೆಲಸಕ್ಕ ಮೂರು ತಿಂಗಳು ಕಳದಂಗ ಆಗ್ತಿತ್ತು. ಯಾವುದು ಬಿಸಿ ಆಗ್ಲಕತ್ತದ ಅಂತ ಮೊದ್ಲ ಹುಡುಕ್ರಿ, ಆಮ್ಯಾಲ ಗ್ರೈಂಡರ್ ಹಚ್ರಿ.

ಖರ್ಚು ಕೂಡ್ಸಿದ್ರ, ಪತ್ರಾ ಚಾಚಾ ಬೀಡಿಂಗ್ ಕೂಡಿ 500ರ ಒಳಗ, ಅಕ್ರಿಲಿಕ್ 650, ಬಣ್ಣ ಎರಡು ಸಲದ್ದು 1,400, ರೇಡಿಯಂ 350, ರಬ್ಬರ್ 120, ಫ್ಯಾನ್ ಬ್ಯಾರೆ 2,000ದ ಮ್ಯಾಲ. ಡಬ್ಬಿ ಮೂಲ ರೊಕ್ಕ ಕೂಡ್ಸಿ 8,000 ದಾಟ್ತು. ಅಂದ್ರ ಆ 5,500ದ ರೆಡಿ ಜಾಳಗಿ ಕ್ಯಾಬಿನೆಟ್ ತಗೊಂಡಿದ್ರ ರೊಕ್ಕಾನೂ ಉಳೀತಿತ್ತು, ಮೊಳಕೈನೂ ಉಳೀತಿತ್ತು. ಹೊಸಾದು ತಗೊಳ್ಳೋರು ಅದನ್ನೇ ತಗೊಳ್ರಿ, ಗಾಜಿನ ಮುಖದ್ದು ನಮ್ಮ ಊರಿಗಿ ಬ್ಯಾಡ, ಎಸಿ ರೂಮಿನಾಗ ಇಟ್ಕೊಳ್ಳೋರು ಬ್ಯಾರೆ ಮಾತು. ಆದ್ರ ಈಗಾಗ್ಲೇ ಗಾಜಿಂದು ತಗೊಂಡು ಕುಂತೋರು, ಬಣ್ಣಾ ಬ್ಯಾಡ ಬಿದ್ರಿ ಬ್ಯಾಡ, ಬರೀ ಗಂಜಿಗಿ ಹೋಗಿ 250 ರೂಪಾಯಿ ಪತ್ರಾ ತಂದು ಗಾಜಿನ ಜಾಗದಾಗ ಕೂಡ್ಸಿ ಕೆಳಗ ರಬ್ಬರ್ ಇಡ್ರಿ, ಮುಕ್ಕಾಲು ಲಾಭ ಅಲ್ಲೇ ಬಂತು. ಮೂಲ ಡಬ್ಬಿಗಿ ನನ್ನ ಲೆಕ್ಕದಾಗ ಎರಡು ಸ್ಟಾರ್, ಅದ್ರಾಗ ಒಂದು ಸ್ಟಾರು ಪತ್ರಾ ತೆಳ್ಳಗ ಇದ್ದು ಕೊಯ್ಲಿಕ್ಕ ಹಗುರ ಆತು ಅಂತ.

ಫಿಲ್ಟರು ಮೂರು ವಾರಕ್ಕೊಮ್ಮಿ ತೊಳಿಬೇಕು, ಡಿಸೆಂಬರ್ ಜನವರಿದಾಗ ತೊಗರಿ ರಾಶಿ ನಡಿಯೋವಾಗ ವಾರಕ್ಕೊಮ್ಮಿ, ಆ ಹೊಟ್ಟು ಎಲ್ಲಿಂದ ಬರ್ತದೋ ಗೊತ್ತಾಗಂಗಿಲ್ಲ. ಕಳೆದ ಸಲ ತೊಳಿಲಿಕ್ಕ ಮುಂದಿನ ಜರಡಿ ಪತ್ರಾ ಬಿಚ್ಚಿ, ಸೋಪ್ ಹಾಕಿ ಉಜ್ಜಿ, ಅಂಗಳದಾಗ ಒಣಗ್ಲಿಕ್ಕ ಇಟ್ಟು ಜಳಕಕ್ಕ ಹೋಗಿದ್ದೆ. ಹೊರಗ ಬಂದು ನೋಡಿದ್ರ ಅವ್ವ ಕಾಳು ಕೇರೋ ಮರದ ಮ್ಯಾಲ ಅದನ್ನಿಟ್ಕೊಂಡು ಊರಿಂದ ಬಂದ ತೊಗರಿ ಬ್ಯಾಳಿ ಜರಡಿ ಹಿಡಿಲಕತ್ತಾಳ. ನುಚ್ಚೆಲ್ಲಾ ಕೆಳಗ ಇಳದದ, ಬ್ಯಾಳಿ ಮ್ಯಾಲ ನಿಂತದ. "ಚೊಲೊ ಅದ ನೋಡೋ ಇದು, ಇನ್ನೊಂದು ತರ್ತೀಯೇನು?" ಅಂದ್ಳು.